ಜರ್ಮನಿಯಲ್ಲಿ ಯಹೂದಿ ದ್ವೇಷ ಎದುರಾದಾಗ: ಇಲ್ಲಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸಕ್ಕೆ ಅಂತ ಜರ್ಮನಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಿಗಾಗಿ ಬರೆದದ್ದು. ಕಾನೂನಿನ ಮಾತು ಬಂದಲ್ಲಿ ಇಲ್ಲಿನ ದಂಡಸಂಹಿತೆಯ ಕಲಂ ಸಂಖ್ಯೆ ಕೊಟ್ಟಿದ್ದೇವೆ. ನಿಮ್ಮ ಮೇಲೆಯೇ ಪ್ರಕರಣ ದಾಖಲಾಗಿದ್ದರೆ ಇಷ್ಟು ಓದಿದರೆ ಸಾಲದು, ವಕೀಲರನ್ನು ಕಾಣಿ.

ನಮ್ಮ ಕಡೆ ಯಹೂದಿ ದ್ವೇಷವೇ ಇರಲಿಲ್ಲವಲ್ಲ, ನಮಗೇಕೆ ಈ ಪಾಠ?

ಇರಲಿಲ್ಲ ಅನ್ನುವುದು ಬಹುಮಟ್ಟಿಗೆ ನಿಜ. ಕೊಚ್ಚಿಯ ಪರದೇಸಿ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) 1568ರದ್ದು. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಗಾಣ ನಡೆಸುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’ (ಶನಿವಾರದ ಗಾಣಿಗ) ಅಂದರು, ಅಷ್ಟೇ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಇಂದಿಗೂ ಒಂದು ಸಣ್ಣ ಯಹೂದಿ ಸ್ಮಶಾನವಿದೆ. ಅದರ ಮುಂದೆ ಓಡಾಡುವ ಹೆಚ್ಚಿನವರಿಗೆ ಅದು ಯಾರದೆಂದು ತಿಳಿಯದು. 2008ರ ನವೆಂಬರಿನಲ್ಲಿ ಮುಂಬೈನ ನಾರಿಮನ್ ಹೌಸ್ ಎಂಬ ಯಹೂದಿ ಕೇಂದ್ರದ ಮೇಲೆ ದಾಳಿ ಮಾಡಿದವರು ಹೊರಗಿನಿಂದ ಬಂದವರು.

ತೊಂದರೆ ಇರುವುದೂ ಇಲ್ಲೇ. ಈ ದ್ವೇಷವನ್ನು ನೋಡಿ ಬೆಳೆಯದ ಕಾರಣ ಅದನ್ನು ಗುರುತು ಹಿಡಿಯುವ ಅಭ್ಯಾಸ ನಮಗಿಲ್ಲ. ನಮ್ಮ ಬಾಯಿಗೆ ಅದು ಬೈಗುಳವಾಗಿ ಬರುವುದಿಲ್ಲ. ಹೊಗಳಿಕೆಯಾಗಿ, ಜೋಕಾಗಿ, ವಾಟ್ಸಾಪ್ ಫಾರ್ವರ್ಡ್ ಆಗಿ ಬರುತ್ತದೆ. ಆಡಿದವರಿಗೆ ಕೆಟ್ಟ ಮನಸ್ಸಿರುವುದಿಲ್ಲ, ಕೇಳಿದ ಯಹೂದಿಗೆ ಮಾತ್ರ ಅದು ಅಜ್ಜನ ಕಾಲದಿಂದ ಕೇಳಿಬಂದ ಮಾತೇ ಆಗಿರುತ್ತದೆ.

ನಾಜಿಗಳ ಯಹೂದಿ ಹತ್ಯಾಕಾಂಡ ಆದಮೇಲೂ ಜರ್ಮನಿಯಲ್ಲಿ ಇದು ನಡೆಯುತ್ತದೆಯೇ?

ನಡೆಯುತ್ತದೆ. ಕೇಂದ್ರ ಗೃಹ ಇಲಾಖೆಯ ಲೆಕ್ಕದಲ್ಲಿ ಯಹೂದಿ ದ್ವೇಷದ ಅಪರಾಧಗಳು 2022ರಲ್ಲಿ 2,641, 2023ರಲ್ಲಿ 5,164, 2024ರಲ್ಲಿ 6,236. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ನಂತರದ ಗಾಜಾ ಯುದ್ಧದ ಮೇಲೆ ಸಂಖ್ಯೆ ಏರಿತು. ಆದರೆ ಅದಕ್ಕೂ ಮುಂಚೆ, 2019ರ ಅಕ್ಟೋಬರ್ 9ರಂದು, ಯೋಮ್ ಕಿಪ್ಪುರ್ ಹಬ್ಬದ ದಿನ ಹಾಲೆ ನಗರದ ಸಿನಗಾಗ್‌ಗೆ ಬಂದೂಕುಧಾರಿಯೊಬ್ಬ ನುಗ್ಗಲು ಹೋದ. ಒಳಗೆ ಐವತ್ತರಷ್ಟು ಜನ ಪ್ರಾರ್ಥನೆಯಲ್ಲಿದ್ದರು. ಬಾಗಿಲು ಒಡೆಯಲಿಲ್ಲ, ಅವರು ಉಳಿದರು. ಅವನು ಬೀದಿಯಲ್ಲಿದ್ದ ಒಬ್ಬ ಮಹಿಳೆಯನ್ನೂ ಹತ್ತಿರದ ಕಬಾಬ್ ಅಂಗಡಿಯಲ್ಲಿ ಒಬ್ಬನನ್ನೂ ಕೊಂದ. ಇಬ್ಬರೂ ಯಹೂದಿಗಳಲ್ಲ. ವಲಸಿಗರನ್ನು ದ್ವೇಷಿಸುವವನೂ ಯಹೂದಿಗಳನ್ನು ದ್ವೇಷಿಸುವವನೂ ಎಷ್ಟೋ ಸಲ ಒಬ್ಬನೇ ಆಗಿರುತ್ತಾನೆ ಅನ್ನುವುದನ್ನು ನಾವು ಮರೆಯಬಾರದು.

‘ಯಹೂದಿಗಳು ಬಲು ಬುದ್ಧಿವಂತರು, ದುಡ್ಡಿನಲ್ಲಿ ಗಟ್ಟಿಗರು’ ಎಂದು ಹೊಗಳಿದರೂ ತಪ್ಪೇ?

ಊರಲ್ಲಿ ‘ಮಾರ್ವಾಡಿ ಅಂದಮೇಲೆ ಬಡ್ಡಿ ಲೆಕ್ಕ ಬಿಟ್ಟಾನೆಯೇ’ ಅನ್ನುತ್ತಾರಲ್ಲ, ಅಲ್ಲಿ ಹೊಗಳಿಕೆ ಎಷ್ಟು, ಚುಚ್ಚು ಎಷ್ಟು ಅಂತ ನಿಮಗೆ ಗೊತ್ತು. ಇದೂ ಹಾಗೆಯೇ. ಒಂದು ವ್ಯತ್ಯಾಸವಿದೆ: ಇಲ್ಲಿ ಆ ಮಾತಿನ ಬೆನ್ನಿಗೆ ಕೊಲೆಗಳ ಚರಿತ್ರೆ ಇದೆ.

ದುಡ್ಡಿನ ಮಾತು ಬಂದದ್ದು ಹೀಗೆ. ಮಧ್ಯಯುಗದ ಯೂರೋಪಿನಲ್ಲಿ ಕ್ರೈಸ್ತರು ಬಡ್ಡಿ ತೆಗೆದುಕೊಳ್ಳುವುದನ್ನು ಚರ್ಚ್ ನಿಷೇಧಿಸಿತ್ತು. ಯಹೂದಿಗಳಿಗೆ ಹೆಚ್ಚಿನ ಕಡೆ ಜಮೀನು ಕೊಳ್ಳುವ ಹಕ್ಕಿರಲಿಲ್ಲ, ಕುಶಲಕರ್ಮಿಗಳ ಸಂಘಗಳು ಅವರನ್ನು ಸೇರಿಸುತ್ತಿರಲಿಲ್ಲ. ಉಳಿದದ್ದು ಸಣ್ಣ ವ್ಯಾಪಾರ, ಗಿರವಿ, ಸಾಲ. ರಾಜರು ಅವರಿಂದ ಸಾಲವನ್ನೂ ತೆರಿಗೆಯನ್ನೂ ಪಡೆದರು, ತೀರಿಸಲಾಗದಾಗ ಜನರನ್ನು ಛೂಬಿಟ್ಟರು. ಫ್ರಾಂಕ್‌ಫರ್ಟ್‌ನಲ್ಲಿರುವವರು ಯೂಡೆನ್‌ಗಾಸೆ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ. 1462ರಿಂದ ಆ ಊರಿನ ಯಹೂದಿಗಳನ್ನು ಒಂದೇ ಓಣಿಯೊಳಗೆ ಕೂಡಿಹಾಕಿ, ರಾತ್ರಿ ಮತ್ತು ಭಾನುವಾರ ಬಾಗಿಲು ಹಾಕುತ್ತಿದ್ದರು. ಎಲ್ಲ ಫಾರ್ವರ್ಡ್‌ಗಳಲ್ಲೂ ಬರುವ ರಾತ್‌ಶಿಲ್ಡ್ ಎಂಬ ಬ್ಯಾಂಕಿಂಗ್ ಮನೆತನ ಹುಟ್ಟಿದ್ದು ಆ ಓಣಿಯಲ್ಲೇ. ಅದೇ ಓಣಿಯ ನೂರಾರು ಬಡ ಮನೆಗಳ ಬಗ್ಗೆ ಯಾರೂ ಫಾರ್ವರ್ಡ್ ಬರೆಯುವುದಿಲ್ಲ.

ಒಬ್ಬ ವ್ಯಕ್ತಿ ಜಾಣ ಅನ್ನಿಸಿದರೆ ಅವನ ಹೆಸರು ಹಿಡಿದು ಜಾಣ ಅನ್ನಿ. ಕುಲದ ಹೆಸರು ಬೇಡ.

ಸಿಡುಕು ಮ್ಯಾನೇಜರಿಗೆ ‘ಹಿಟ್ಲರ್’ ಅನ್ನುವುದು ನಮ್ಮಲ್ಲಿ ತಮಾಷೆ. ಇಲ್ಲಿ?

ಬೇಡವೇ ಬೇಡ. ನಮ್ಮ ಧಾರಾವಾಹಿಗಳ ಹೆಸರಲ್ಲೂ ಆ ಪದ ಇದೆ, ಗೊತ್ತು. ಫುಟ್‌ಪಾತಿನ ಪುಸ್ತಕದಂಗಡಿಯಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಕೂತಿರುತ್ತದೆ. ನಮಗೆ ಆ ಹೆಸರು ಅಂದರೆ ಬಿಗಿ, ಶಿಸ್ತು. ಇಲ್ಲಿ ಅದರ ಅರ್ಥ 60 ಲಕ್ಷ ಯಹೂದಿಗಳ ಕೊಲೆ.

ಊರಿನವರ ಜೊತೆ ವಾದಕ್ಕೆ ಬಿದ್ದಾಗ ಈ ಮೂರು ವಿಷಯ ಕೈಯಲ್ಲಿರಲಿ. ‘ಅವನು ನೇತಾಜಿಗೆ ಸಹಾಯ ಮಾಡಿದ’ ಅಂದರೆ: ಅವನ ಪುಸ್ತಕದಲ್ಲೇ ಭಾರತ ಬೇರೆ ಯಾರ ಕೈಗಾದರೂ ಹೋಗುವುದಕ್ಕಿಂತ ಇಂಗ್ಲಿಷರ ಆಳ್ವಿಕೆಯಲ್ಲಿರುವುದೇ ವಾಸಿ ಅಂತ ಬರೆದಿದ್ದಾನೆ. ‘ಆರ್ಯರನ್ನು ಗೌರವಿಸುತ್ತಿದ್ದ’ ಅಂದರೆ: ಭಾರತ ಮೂಲದವರು, ಹಿಂದಿ ಮರಾಠಿಗಳ ದಾಯಾದಿ ಭಾಷೆ ಆಡುವವರು ಆದ ರೋಮಾ ಜನರನ್ನು ನಾಜಿಗಳು ಲಕ್ಷಗಟ್ಟಲೆ ಕೊಂದರು. ‘ಹೆದ್ದಾರಿ ಕಟ್ಟಿಸಿದ’ ಅಂದರೆ: ಕಲೋನ್‌ನಿಂದ ಬಾನ್‌ಗೆ ಹೋಗುವ ಆಟೋಬಾನ್ ಉದ್ಘಾಟನೆಯಾದದ್ದು 1932ರಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರಲ್ಲಿ. ಎಂಜಿನಿಯರ್‌ಗಳಿಗೆ ಈ ಮೂರನೆಯದು ಚೆನ್ನಾಗಿ ನಾಟುತ್ತದೆ.

ಫೋಟೋಗೆ ಅಂತ ಕೈ ಚಾಚುವುದೂ ಅಪರಾಧ. 2017ರ ಆಗಸ್ಟಿನಲ್ಲಿ ಬರ್ಲಿನ್ ಸಂಸತ್ ಭವನದ ಮುಂದೆ ಹಿಟ್ಲರ್ ಸಲ್ಯೂಟ್ ಮಾಡಿ ಫೋಟೋ ತೆಗೆದುಕೊಂಡ ಇಬ್ಬರು ಚೀನೀ ಪ್ರವಾಸಿಗರನ್ನು ಪೊಲೀಸರು ಹಿಡಿದರು. ತಲಾ 500 ಯೂರೋ ಠೇವಣಿ ಕಟ್ಟಿದ ಮೇಲೆ ಬಿಟ್ಟರು.

ಇಲ್ಲಿ ಕನ್ನಡ ಸಂಘದವರಿಗೆ ಒಂದು ಮಾತು. ಸ್ವಾತಂತ್ರ್ಯ ದಿನದಂದು ಮಕ್ಕಳಿಂದ ‘ಭಾರತ ನನ್ನ ದೇಶ’ ಪ್ರತಿಜ್ಞೆ ಹೇಳಿಸುವಾಗ ಬಲಗೈ ಮುಂದಕ್ಕೆ ಚಾಚಿಸುವುದು ನಮ್ಮ ಶಾಲೆಯ ರೂಢಿ. ಬಾಡಿಗೆಗೆ ಪಡೆದ ಸಭಾಂಗಣದ ಗಾಜಿನಾಚೆಯಿಂದ ನೋಡಿದವರಿಗೆ ಅದು ಏನಾಗಿ ಕಾಣುತ್ತದೆ ಯೋಚಿಸಿ. ಕೈ ಎದೆಯ ಮೇಲಿರಲಿ.

ಮನೆಯಲ್ಲಿ, ಕಾರಿನ ಮೇಲೆ ಸ್ವಸ್ತಿಕ ಬರೆಯಬಹುದೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕಲಂ 86ಎ ಪ್ರಕಾರ ನಿಷೇಧಿತ ಸಂಘಟನೆಗಳ ಗುರುತನ್ನು ಬಹಿರಂಗವಾಗಿ ಬಳಸುವುದು, ಹಂಚುವುದು ಅಪರಾಧ. ಮೂರು ವರ್ಷದವರೆಗೆ ಜೈಲು ಇಲ್ಲವೇ ದಂಡ. ಕಲೆ, ಸಂಶೋಧನೆ, ಪಾಠದಂಥ ಉದ್ದೇಶಗಳಿಗೆ ವಿನಾಯಿತಿ ಇದೆ. ಕಾನೂನು ಹಿಡಿಯಹೊರಟಿರುವುದು ನಾಜಿ ಪಕ್ಷದ ಗುರುತನ್ನು, ನಮ್ಮ ಪೂಜೆಯನ್ನಲ್ಲ. ದೇವರ ಕೋಣೆಯ ಸ್ವಸ್ತಿಕಕ್ಕೆ ಯಾರ ತಕರಾರೂ ಇಲ್ಲ.

ಎಡವಟ್ಟಾಗುವುದು ಅದು ಬೀದಿಗೆ ಕಂಡಾಗ. ನೋಡಿದವರಿಗೆ ಸಂದರ್ಭ ಗೊತ್ತಿರುವುದಿಲ್ಲ, ಗುರುತು ಮಾತ್ರ ಕಾಣುತ್ತದೆ. ಹೊಸ ಕಾರಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದು ಪೂಜೆ ಮಾಡಿದರೆ ಆರತಿ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ರಸ್ತೆಗಿಳಿಸಿ. ಅಪಾರ್ಟ್‌ಮೆಂಟಿನ ಸಾಮಾನ್ಯ ಮೆಟ್ಟಿಲಲ್ಲಿ, ಮುಂಬಾಗಿಲಿನ ಹೊರಮೈಯಲ್ಲಿ ಸ್ವಸ್ತಿಕ ಬೇಡ. ಓಂ, ಶ್ರೀ, ಕಲಶ, ಮಾವಿನ ತೋರಣ ಇವೆಯಲ್ಲ. ಅಂಚೆಯಲ್ಲಿ ಕಳಿಸುವ ಗೃಹಪ್ರವೇಶದ ಕಾರ್ಡಿನ ಲಕೋಟೆಗೂ, ಫೇಸ್‌ಬುಕ್ಕಿನ ಕವರ್ ಫೋಟೋಗೂ ಇದೇ ಮಾತು.

‘ನಮ್ಮದು ನೇರ, ಅವರದು ಓರೆ’ ಅನ್ನುವ ವಾದ ನಂಬಬೇಡಿ. ನಾಜಿಗಳು ನೇರ ನಿಂತ ಸ್ವಸ್ತಿಕವನ್ನೂ ಬಳಸಿದ್ದಾರೆ. ಪೊಲೀಸರು ಬಾಗಿಲಿಗೆ ಬಂದರೆ ದನಿ ಏರಿಸದೆ ಪೂಜಾ ಸಾಮಗ್ರಿ ತೋರಿಸಿ, ಇದು ಹಿಂದೂ ಧಾರ್ಮಿಕ ಗುರುತು ಅಂತ ಹೇಳಿ, ಅಳಿಸಿ. ಹೆಚ್ಚಿನ ಕಡೆ ಮಾತು ಅಲ್ಲಿಗೇ ಮುಗಿಯಬೇಕು. ಆಮೇಲೆ ಪತ್ರ ಬಂದರೆ ನೀವೇ ಉತ್ತರ ಬರೆಯಬೇಡಿ, ವಕೀಲರಿಂದ ಬರೆಸಿ. ಆರೋಪಿಗೆ ಸುಮ್ಮನಿರುವ ಹಕ್ಕಿದೆ.

‘ಸಾವಿರಾರು ವರ್ಷದ ನಮ್ಮ ಗುರುತನ್ನು ನಾವೇಕೆ ಮುಚ್ಚಿಡಬೇಕು’ ಅಂತ ಕೆಲವರು ಸಿಟ್ಟಾಗುತ್ತಾರೆ. ಸಿಟ್ಟು ಸಹಜ. ಆದರೆ ಎದುರು ಮನೆಯ ಯಹೂದಿ ಅಜ್ಜಿಗೆ ಕಿಟಕಿ ತೆರೆದಾಗ ಕಾಣುವುದು ಆ ಸಾವಿರಾರು ವರ್ಷ ಅಲ್ಲ, ನಾಜಿ ಆಡಳಿತದ 12 ವರ್ಷ.

ಇಸ್ರೇಲ್ ಸರ್ಕಾರವನ್ನು ಟೀಕಿಸಿದರೆ ಅದೂ ಯಹೂದಿ ದ್ವೇಷವೇ?

ಅಲ್ಲ. ಅಂತರರಾಷ್ಟ್ರೀಯ ಹತ್ಯಾಕಾಂಡ ಸ್ಮರಣ ಒಕ್ಕೂಟ 2016ರ ಮೇ 26ರಂದು ಒಪ್ಪಿದ ಯಹೂದಿ ದ್ವೇಷದ ವ್ಯಾಖ್ಯೆಯನ್ನು ಜರ್ಮನ್ ಸರ್ಕಾರ 2017ರಲ್ಲಿ ಬೆಂಬಲಿಸಿತು. ಬೇರೆ ಯಾವುದೇ ದೇಶವನ್ನು ಟೀಕಿಸುವ ಹಾಗೆ ಇಸ್ರೇಲನ್ನು ಟೀಕಿಸಿದರೆ ಅದನ್ನು ದ್ವೇಷ ಅನ್ನಲಾಗದು ಎಂದು ಅದರಲ್ಲೇ ಇದೆ. ಆ ವ್ಯಾಖ್ಯೆಯ ಉದಾಹರಣೆಗಳು ಟೀಕೆಯ ಬಾಯಿ ಕಟ್ಟುತ್ತವೆ ಎಂದು ಆಕ್ಷೇಪಿಸಿದ ವಿದ್ವಾಂಸರು 2021ರಲ್ಲಿ ಜೆರುಸಲೆಂ ಘೋಷಣೆ ಎಂಬ ಬೇರೊಂದು ವ್ಯಾಖ್ಯೆ ಮುಂದಿಟ್ಟರು. ಈ ಜಗಳ ಇನ್ನೂ ತೀರಿಲ್ಲ, ಆದರೆ ದಿನನಿತ್ಯದ ಬಳಕೆಗೆ ಇದು ಸಾಕು: ನೆತನ್ಯಾಹು ಸರ್ಕಾರ ಗಾಜಾದಲ್ಲಿ ಮಾಡುತ್ತಿರುವುದು ತಪ್ಪು ಅಂದರೆ ರಾಜಕೀಯ. ಬರ್ಲಿನ್ನಿನ ಸಿನಗಾಗ್ ಗೋಡೆಗೆ ಅದನ್ನೇ ಗೀಚಿದರೆ ದ್ವೇಷ, ಏಕೆಂದರೆ ಅಲ್ಲಿ ಪ್ರಾರ್ಥನೆಗೆ ಬರುವವರು ಆ ಸರ್ಕಾರದವರಲ್ಲ. ಇಲ್ಲಿನ ಯಹೂದಿ ಸಮುದಾಯದಲ್ಲಿ ಬಹುಪಾಲು ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾ, ಉಕ್ರೇನ್ ಕಡೆಯಿಂದ ಬಂದ ಕುಟುಂಬಗಳು.

ಮೆರವಣಿಗೆಗೆ ಹೋಗುವವರು ಘೋಷಣೆ ಕೂಗುವ ಮುಂಚೆ ವಿಚಾರಿಸಿ. ‘ನದಿಯಿಂದ ಸಮುದ್ರದವರೆಗೆ’ ಎಂಬ ಘೋಷಣೆಯನ್ನು 2023ರ ನವೆಂಬರಿನಲ್ಲಿ ಹಮಾಸ್ ನಿಷೇಧದ ಆದೇಶದಲ್ಲಿ ಸೇರಿಸಿದ್ದಾರೆ. ಕೋರ್ಟುಗಳು ಒಂದೊಂದು ಕಡೆ ಒಂದೊಂದು ತೀರ್ಪು ಕೊಟ್ಟಿವೆ.

ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ‘ಜಗತ್ತನ್ನು ಆಳುವ 13 ಯಹೂದಿ ಕುಟುಂಬಗಳು’ ಎಂಬಂಥದ್ದು ಬಂದರೆ?

ಮೊದಲು ಗುರುತು ಹಿಡಿಯಿರಿ. ಗುಟ್ಟಾಗಿ ಜಗತ್ತು ಆಳುವ ಕೂಟ ಎಂಬ ಕಥೆ ಬಹುಪಾಲು ‘ಝಿಯಾನ್ ಹಿರಿಯರ ನಡಾವಳಿ’ ಎಂಬ ಕಳ್ಳದಾಖಲೆಗೆ ಹೋಗಿ ಮುಟ್ಟುತ್ತದೆ. 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು. ಮೂರನೇ ನೆಪೋಲಿಯನ್ನನನ್ನು ಅಣಕಿಸಿ 1864ರಲ್ಲಿ ಬಂದ ಫ್ರೆಂಚ್ ಪುಸ್ತಕದಿಂದ ಸಾಲುಗಳನ್ನು ಎತ್ತಿ ಹೊಲಿದದ್ದು ಎಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆ 1921ರಲ್ಲೇ ಪಕ್ಕಪಕ್ಕ ಇಟ್ಟು ತೋರಿಸಿತು. ಅದಾಗಿ ನೂರು ವರ್ಷವಾದರೂ ಹೊಸ ಹೆಸರಿನಲ್ಲಿ ಬರುತ್ತಲೇ ಇದೆ. ರೋಗ ಬಂದಾಗಲೂ ಅಷ್ಟೇ: 1349ರ ಫೆಬ್ರವರಿಯಲ್ಲಿ, ಬಾವಿಗೆ ವಿಷ ಹಾಕಿ ಪ್ಲೇಗ್ ತಂದರೆಂದು ಸ್ಟ್ರಾಸ್‌ಬರ್ಗ್‌ನಲ್ಲಿ ಯಹೂದಿಗಳನ್ನು ಸುಟ್ಟರು, ಕೋವಿಡ್ ಬಂದಾಗ ಅದೇ ಆರೋಪ ವೈರಸ್ಸಿನ ಹೆಸರು ಹೊತ್ತು ಬಂತು. 2001ರ ಸೆಪ್ಟೆಂಬರ್ 11ರ ದಾಳಿಯ ದಿನ ನ್ಯೂಯಾರ್ಕ್ ಅವಳಿ ಗೋಪುರಕ್ಕೆ 4,000 ಯಹೂದಿಗಳು ಕೆಲಸಕ್ಕೆ ಬರಲಿಲ್ಲ ಎಂಬುದೂ ಇದೇ ಜಾತಿಯ ಸುಳ್ಳು. ಸತ್ತವರಲ್ಲಿ ನೂರಾರು ಯಹೂದಿಗಳಿದ್ದರು.

ಅನುಮಾನ ಇದ್ದರೆ ಸಂದೇಶದಲ್ಲಿ ‘ಯಹೂದಿ’ ಇದ್ದ ಕಡೆಯೆಲ್ಲ ನಿಮ್ಮ ಸ್ವಂತ ಜಾತಿಯ ಹೆಸರಿಟ್ಟು ಓದಿ. ಉರಿ ಹತ್ತಿತೇ? ಹಾಗಾದರೆ ಸರಿಯಾಗಿಯೇ ಗುರುತಿಸಿದ್ದೀರಿ.

ಕಳಿಸಿದವರು ಹಿರಿಯರಾದರೆ ಗ್ರೂಪಿನಲ್ಲಿ ಮುಖ ಮುರಿಯಬೇಡಿ. ಅವರು ಸಮರ್ಥನೆಗೆ ಇಳಿದು ಇನ್ನೂ ನಾಲ್ಕು ಕಳಿಸುತ್ತಾರೆ. ಖಾಸಗಿಯಾಗಿ ಬರೆಯಿರಿ: ‘ಮಾವ, ನೀವು ಹಾಕಿದ್ದು ರಷ್ಯಾದಲ್ಲಿ ಕಟ್ಟಿದ ಹಳೇ ಸುಳ್ಳು, 1921ರಲ್ಲೇ ಬಯಲಾಗಿದೆ. ಇಲ್ಲಿ ಇಂಥದ್ದಕ್ಕೆ ಕಾನೂನು ಬಿಗಿ, ನನ್ನ ನಂಬರೂ ಗ್ರೂಪಲ್ಲಿದೆ. ದಯವಿಟ್ಟು ತೆಗೆದುಬಿಡಿ.’ ಕಾನೂನಿನ ಮಾತು ನೆಪವಲ್ಲ: ನಾಜಿಗಳ ಯಹೂದಿ ಹತ್ಯಾಕಾಂಡ ನಡೆದೇ ಇಲ್ಲ ಎಂದು ಬಹಿರಂಗವಾಗಿ ಹೇಳಿದರೆ ಕಲಂ 130ರಡಿ ಐದು ವರ್ಷದವರೆಗೆ ಜೈಲು ಇಲ್ಲವೇ ದಂಡ ಆಗಬಹುದು. ಹಿಟ್ಲರ್ ಸ್ಟಿಕ್ಕರ್‌ಗಳಿಗೆ ಮೇಲೆ ಹೇಳಿದ 86ಎ ಇದೆ. ನೂರಾರು ಜನರಿರುವ ಸಂಘದ ಗ್ರೂಪು ‘ಖಾಸಗಿ’ ಎಂಬ ವಾದ ನಿಲ್ಲುವುದು ಕಷ್ಟ. ಅಡ್ಮಿನ್ ಆಗಿದ್ದರೆ ಅಳಿಸಿ, ಏಕೆ ಅಳಿಸಿದಿರಿ ಅಂತ ಒಂದು ಸಾಲು ಬರೆಯಿರಿ. ಸುಮ್ಮನೆ ಅಳಿಸಿದರೆ ಅದೇ ಸಂದೇಶ ಸಂಜೆ ಮತ್ತೆ ಬರುತ್ತದೆ.

ರೈಲಿನಲ್ಲಿ ಯಹೂದಿಗಳ ಕಿಪ್ಪಾ ಟೋಪಿ ಹಾಕಿದವರನ್ನು ಯಾರೋ ಬೈಯುತ್ತಿದ್ದಾರೆ. ನಾನೇನು ಮಾಡಲಿ?

ಬೈಯುವವನ ಜೊತೆ ಮಾತಿಗಿಳಿಯಬೇಡಿ. ಬೈಸಿಕೊಳ್ಳುತ್ತಿರುವವರ ಪಕ್ಕ ಹೋಗಿ ಕೂತುಕೊಳ್ಳಿ, ಅವರನ್ನೇ ಮಾತಾಡಿಸಿ, ‘ನನ್ನ ಜೊತೆ ಆ ಬೋಗಿಗೆ ಬರುತ್ತೀರಾ’ ಅಂತ ಕೇಳಿ. ಬೈಯುವವನಿಗೆ ಬೇಕಾದದ್ದು ನೋಡುಗರು. ಎದುರು ವಾದಿಸಿದರೆ ಅವನಿಗೆ ವೇದಿಕೆ ಸಿಗುತ್ತದೆ. ಚರ್ಮದ ಬಣ್ಣದಿಂದ ನೀವೂ ಗುರಿಯಾಗುವ ಸಾಧ್ಯತೆ ಇರುವುದರಿಂದ ಒಬ್ಬರೇ ಹೋಗುವ ಬದಲು ಇನ್ನೊಬ್ಬರನ್ನು ಬೆರಳು ಮಾಡಿ ಕರೆಯಿರಿ: ‘ನೀಲಿ ಜಾಕೆಟ್ಟಿನವರೇ, ನೀವು ಪೊಲೀಸರಿಗೆ ಫೋನ್ ಮಾಡಿ.’ ಎಲ್ಲರನ್ನೂ ಉದ್ದೇಶಿಸಿ ಕೂಗಿದರೆ ಯಾರೂ ಎದ್ದು ಬರುವುದಿಲ್ಲ.

ತುರ್ತು ಸಂಖ್ಯೆ 110. ಯಾವ ಮಾರ್ಗ, ಯಾವ ದಿಕ್ಕು, ಮುಂದಿನ ನಿಲ್ದಾಣ, ಎಷ್ಟನೇ ಬೋಗಿ, ಎಷ್ಟು ಜನ, ಕೈಯಲ್ಲಿ ಆಯುಧ ಇದೆಯೇ, ಇದೇ ಕ್ರಮದಲ್ಲಿ ಹೇಳಿ. ಜರ್ಮನ್ ಬಾರದಿದ್ದರೆ ಇಂಗ್ಲಿಷಿನಲ್ಲೇ ಹೇಳಿ. ವಿಡಿಯೋ ತೆಗೆದರೆ ಅದು ಪೊಲೀಸರಿಗೆ ಮಾತ್ರ. ಇನ್‌ಸ್ಟಾಗ್ರಾಂಗೆ ಹಾಕಿದರೆ ಅನುಮತಿಯಿಲ್ಲದೆ ಬೇರೆಯವರ ಚಿತ್ರ ಹರಡಿದ ತಪ್ಪು ನಿಮ್ಮ ಮೇಲೆ ಬರುತ್ತದೆ, ಪೆಟ್ಟು ತಿಂದವರ ಮುಖವೂ ಊರೆಲ್ಲ ಹರಡುತ್ತದೆ. ಇಳಿದ ಮೇಲೆ, ಕೇಳಿಸಿಕೊಂಡ ಮಾತುಗಳನ್ನು ಅಕ್ಷರಶಃ ಫೋನಿನಲ್ಲಿ ಬರೆದಿಡಿ. ‘ಏನೋ ಕೆಟ್ಟದಾಗಿ ಬೈದ’ ಎಂಬ ಹೇಳಿಕೆ ತನಿಖೆಗೆ ನಿಲ್ಲುವುದಿಲ್ಲ. ನಿಮ್ಮ ಫೋನ್ ನಂಬರ್ ಅವರಿಗೆ ಕೊಟ್ಟು ಹೋಗಿ, ಸಾಕ್ಷಿ ಸಿಗದೆ ದೂರು ಬಿದ್ದುಹೋಗುವುದುಂಟು.

ದೂರು ಎಲ್ಲಿ ಕೊಡಬೇಕು?

ಅಪರಾಧ ಅನ್ನಿಸಿದರೆ ಠಾಣೆ, ಇಲ್ಲವೇ ಆಯಾ ರಾಜ್ಯದ ಪೊಲೀಸರ ಓನ್‌ಲೈನ್‌ವಾಖೆ ಎಂಬ ಜಾಲತಾಣ. ವೈಯಕ್ತಿಕವಾಗಿ ಅವಮಾನಿಸಿದ್ದಾದರೆ ಬೈಸಿಕೊಂಡವರು ಶ್ಟ್ರಾಫಾನ್‌ಟ್ರಾಗ್ ಎಂಬ, ಶಿಕ್ಷೆ ಕೋರುವ ಅರ್ಜಿಯನ್ನೂ ಕೊಡಬೇಕು, ಮೂರು ತಿಂಗಳೊಳಗೆ. ಬರೀ ದೂರು ಕೊಟ್ಟು ಇದನ್ನು ಮರೆತವರ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ದೂರು ಬರೆಸುವಾಗ ‘ಇದರ ಹಿಂದೆ ಯಹೂದಿ ದ್ವೇಷವಿದೆ ಎಂದು ದಾಖಲಿಸಿ’ ಅಂತ ಬಾಯಿಬಿಟ್ಟು ಕೇಳಿ. ಇಲ್ಲದಿದ್ದರೆ ಅದು ಬರೀ ಆಸ್ತಿಹಾನಿಯಾಗಿ ಲೆಕ್ಕಕ್ಕೆ ಹೋಗಬಹುದು.

ಅಪರಾಧದ ಮಟ್ಟ ಮುಟ್ಟದ ಘಟನೆಗಳಿಗೆ ರಿಯಾಸ್ ಎಂಬ ಸಂಸ್ಥೆ ಇದೆ. 2015ರಲ್ಲಿ ಬರ್ಲಿನ್ನಿನಲ್ಲಿ ಶುರುವಾದದ್ದು, ಈಗ ದೇಶವ್ಯಾಪಿ. ನೋಡಿದವರೂ ವರದಿ ಮಾಡಬಹುದು. ಅಪರಾಧವಲ್ಲದ್ದನ್ನೂ ಎಣಿಸುವುದರಿಂದ ಇವರ ಲೆಕ್ಕ ಪೊಲೀಸರದಕ್ಕೆ ಹೊಂದುವುದಿಲ್ಲ: 2024ರಲ್ಲಿ 8,627 ಘಟನೆ. ಪೆಟ್ಟು ತಿಂದವರಿಗೆ ಆಪ್ತಸಲಹೆ ಬೇಕಾದರೆ ಓಫೆಕ್ ಸಂಸ್ಥೆಯ ಹೆಸರು ಹೇಳಿ. ಆನ್‌ಲೈನ್ ಪೋಸ್ಟ್ ಆದರೆ ಮೊದಲು ಸ್ಕ್ರೀನ್‌ಶಾಟ್ (ವಿಳಾಸ, ಖಾತೆಯ ಹೆಸರು, ದಿನ, ಹೊತ್ತು ಕಾಣುವಂತೆ), ಆಮೇಲೆ ರಿಪೋರ್ಟ್ ಬಟನ್. ಉಲ್ಟಾ ಮಾಡಿದರೆ ಪೋಸ್ಟ್ ಮಾಯವಾಗಿ ಸಾಕ್ಷ್ಯವೂ ಹೋಗುತ್ತದೆ.

ಆಫೀಸಿನ ಯಹೂದಿ ಸಹೋದ್ಯೋಗಿಯ ಜೊತೆ ಹೇಗೆ ಇರಬೇಕು?

ಎಲ್ಲರ ಜೊತೆ ಇರುವ ಹಾಗೆ. ಗಾಜಾದ ಬಗ್ಗೆ ಉತ್ತರ ಕೊಡುವ ಹೊಣೆ ಅವರ ಮೇಲೆ ಹೊರಿಸಬೇಡಿ. ಭಾರತದ ಪ್ರತಿ ಸುದ್ದಿಗೂ ನಿಮ್ಮನ್ನು ನಿಲ್ಲಿಸಿ ಕೇಳಿದರೆ ನಿಮಗೂ ಸಾಕಾಗುತ್ತದೆ. ಯಹೂದಿ ಅಂತ ಅವರು ನಿಮಗೆ ಹೇಳಿದ್ದರೆ ಇನ್ನೊಬ್ಬರಿಗೆ ನೀವು ಹೇಳಬೇಡಿ. ಎಷ್ಟೋ ಜನ ಜಾಗ್ರತೆಗಾಗಿ ಮುಚ್ಚಿಟ್ಟಿರುತ್ತಾರೆ. ಮೀಟಿಂಗಿನಲ್ಲಿ ಯಾರಾದರೂ ಯಹೂದಿ ಜೋಕು ಹೇಳಿದರೆ ನಗದೆ ‘ವಾಸ್ ಮೈನೆನ್ ಜೀ ದಮಿಟ್?’ ಅನ್ನಿ, ಅಂದರೆ ‘ಹಾಗಂದರೇನು?’ ಜೋಕನ್ನು ಬಿಡಿಸಿ ಹೇಳಬೇಕಾಗಿ ಬಂದಾಗ ಹೆಚ್ಚಿನವರು ಹಿಂದೆ ಸರಿಯುತ್ತಾರೆ. ಕೆಲಸದಲ್ಲಿ ತಾರತಮ್ಯವಾದರೆ ಸಮಾನತಾ ಕಾನೂನಿನಡಿ ಪರಿಹಾರ ಕೇಳಲು ಸಿಗುವುದು ಎರಡೇ ತಿಂಗಳು, ಅದೂ ಲಿಖಿತವಾಗಿ.

ಶಾಲೆಯಲ್ಲಿ ಮಕ್ಕಳು ‘ಯೂಡೆ’ ಅಂತ ಬೈದಾಡಿಕೊಳ್ಳುತ್ತಾರೆ. ನನ್ನ ಮಗನೂ ಅಂದನಂತೆ.

‘ಯಹೂದಿ’ ಎಂಬ ಸಾದಾ ಪದವನ್ನೇ ಬೈಗುಳ ಮಾಡಿಕೊಂಡಿರುವುದು ಇಲ್ಲಿನ ಶಾಲಾ ಅಂಗಳಗಳ ಹಳೇ ರೋಗ. ಮಗನಿಗೆ ಗದರಿದರೆ ಮನೆಯಲ್ಲಿ ಮಾತ್ರ ನಿಲ್ಲಿಸುತ್ತಾನೆ. ಅವನನ್ನು ಯಾರಾದರೂ ‘ಇಂಡಿಯನ್’ ಅಂತ ಅದೇ ದನಿಯಲ್ಲಿ ಕರೆದದ್ದುಂಟೇ ಕೇಳಿ. ಉಂಟು ಅನ್ನುತ್ತಾನೆ, ಮಾತು ಅಲ್ಲಿಂದ ಮುಂದುವರಿಸಿ. ತರಗತಿಯಲ್ಲಿ ಬೇರೆಯವರಿಂದ ನಡೆದರೆ ಕ್ಲಾಸ್ ಟೀಚರಿಗೆ ದಿನಾಂಕ, ಆಡಿದ ಮಾತು ಬರೆದು ಇಮೇಲ್ ಮಾಡಿ. ಗೇಟಿನ ಬಳಿ ನಿಂತು ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಉತ್ತರ ಬಾರದಿದ್ದರೆ ಮುಖ್ಯೋಪಾಧ್ಯಾಯರಿಗೆ ಅದೇ ಇಮೇಲ್ ಮುಂದಕ್ಕೆ ಕಳಿಸಿ.

ಪೌರತ್ವದ ಅರ್ಜಿಗೂ ಇದಕ್ಕೂ ಸಂಬಂಧ ಇದೆಯೇ?

ನೇರ ಸಂಬಂಧ ಇದೆ. 2024ರ ಜೂನ್ 27ರಿಂದ ಜಾರಿಯಲ್ಲಿರುವ ಕಾನೂನಿನಂತೆ ಅರ್ಜಿದಾರರು ನಾಜಿ ಆಡಳಿತದ ಬಗ್ಗೆ ಜರ್ಮನಿಗಿರುವ ಚಾರಿತ್ರಿಕ ಹೊಣೆಯನ್ನೂ ಯಹೂದಿ ಬದುಕಿನ ರಕ್ಷಣೆಯನ್ನೂ ಒಪ್ಪಿ ಘೋಷಣೆ ಕೊಡಬೇಕು. 33 ಪ್ರಶ್ನೆಗಳ ಪರೀಕ್ಷೆಯಲ್ಲಿ (17 ಸರಿಯಾದರೆ ಪಾಸು) ಈ ವಿಷಯದ್ದೂ ಬರಬಹುದು. 90 ದಿನದ ಆದಾಯದ ಲೆಕ್ಕದವರೆಗಿನ ದಂಡ ಸಾಮಾನ್ಯವಾಗಿ ಪೌರತ್ವಕ್ಕೆ ಅಡ್ಡಬರುವುದಿಲ್ಲ, ಆದರೆ ಯಹೂದಿ ದ್ವೇಷ ಅಥವಾ ಜನಾಂಗೀಯ ದ್ವೇಷದ ಉದ್ದೇಶದಿಂದ ಮಾಡಿದ ಅಪರಾಧಕ್ಕೆ ಈ ವಿನಾಯಿತಿ ಇಲ್ಲ. ಒಂದು ಸ್ಟಿಕ್ಕರ್ ಐದು ವರ್ಷ ಕಾದ ಅರ್ಜಿಯನ್ನು ಮುಳುಗಿಸಬಹುದು.

ಮಕ್ಕಳಿಗೆ ಇದನ್ನೆಲ್ಲ ತೋರಿಸುವುದು ಹೇಗೆ?

ಮನೆಯ ಹತ್ತಿರದ ಶ್ಟೋಲ್ಪರ್‌ಶ್ಟೈನ್‌ನಿಂದ, ಅಂದರೆ ನಾಜಿಗಳಿಗೆ ಬಲಿಯಾದವರ ನೆನಪಿಗೆ ಅವರಿದ್ದ ಮನೆಯ ಮುಂದಿನ ಫುಟ್‌ಪಾತಿನಲ್ಲಿ ಹೂತ ಕಲ್ಲಿನಿಂದ ಶುರುಮಾಡಿ. ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಕಲೋನ್‌ನಲ್ಲಿ ಮೊದಲು ನೆಟ್ಟದ್ದು. ಈಗ ಒಂದು ಲಕ್ಷಕ್ಕೂ ಹೆಚ್ಚಿವೆ. ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆ ಹಲಗೆಯ ಮೇಲೆ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಒಯ್ದರು ಅನ್ನುವುದು ಇರುತ್ತದೆ. ನವೆಂಬರ್ 9 (1938ರಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ದಿನ), ಜನವರಿ 27ರ (ಹತ್ಯಾಕಾಂಡ ಸ್ಮರಣ ದಿನ) ಸುಮಾರಿಗೆ ಅಕ್ಕಪಕ್ಕದವರು ಅವನ್ನು ಉಜ್ಜುತ್ತಾರೆ, ಸೇರಿಕೊಳ್ಳಿ. ಲೋಹದ ಪಾಲಿಶ್ ಸ್ವಲ್ಪ ಹಚ್ಚಿ, ಮೆತ್ತನೆ ಸ್ಪಾಂಜಿನಿಂದ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮುಗಿಸಿ. ತಂತಿಯ ಬ್ರಷ್ ಬೇಡ, ಅಕ್ಷರ ಸವೆಯುತ್ತದೆ. ಸುತ್ತಲಿನ ಕಲ್ಲಿಗೆ ಪಾಲಿಶ್ ತಾಗದಂತೆ ರಟ್ಟಿನಲ್ಲಿ ಚೌಕ ಕತ್ತರಿಸಿ ಇಟ್ಟುಕೊಳ್ಳಿ.

ಸಿನಗಾಗ್ ಒಳಗೆ ನೋಡಬೇಕೆಂದರೆ, ಉದಾಹರಣೆಗೆ ಮ್ಯೂನಿಕ್‌ನಲ್ಲಿ 2006ರಲ್ಲಿ ತೆರೆದ ಓಹೆಲ್ ಯಾಕೋಬ್, ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಪಾಸ್‌ಪೋರ್ಟ್ ಒಯ್ಯಿರಿ, ದೊಡ್ಡ ಬ್ಯಾಗು ಬೇಡ, ತಪಾಸಣೆಗೆ ಅರ್ಧ ಗಂಟೆ ಮುಂಚೆ ಹೋಗಿ. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಪ್ರವಾಸಿಗರ ಭೇಟಿಗೆ ಕೇಳಬೇಡಿ, ಅದು ಶಬ್ಬತ್, ಯಹೂದಿಗಳ ವಾರದ ವಿಶ್ರಾಂತಿ ದಿನ.